ಊಟದ ಎಲೆಯೂ ನೂರೆಂಟು ಉಪದೇಶವೂ

ಬೆಳಗಿನ ಏಳು ಗಂಟೆಯ ಸಮಯ. ಬೆಂಗಳೂರಿನ ಬಸವನಗುಡಿಯಲ್ಲೋ, ಮೈಸೂರಿನ ಸರಸ್ವತೀಪುರಂನಲ್ಲೋ, ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಇರಬಹುದಾದ ಒಂದು ಸಾಧಾರಣ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಒಲೆಯ ಮೇಲೆ ಇಡ್ಲಿಯ ಪಾತ್ರೆ ಹಬೆಯಾಡುತ್ತಿದೆ. ಮೇಜಿನ ಸುತ್ತ ಕುಳಿತವರು ಐವರು. ಆದರೆ ಇಡ್ಲಿ ಬೇಕೆನ್ನುವವರು ಒಬ್ಬರೂ ಇಲ್ಲ.

“ನನಗೆ ಬೇಡಮ್ಮ. ಸಕ್ಕರೆ ಕಾಯಿಲೆಯವರು ಅಕ್ಕಿಯ ಕಡೆ ಕಣ್ಣೆತ್ತಿಯೂ ನೋಡಬಾರದಂತೆ” ಎನ್ನುತ್ತಾರೆ ಮಾವನವರು. ಅತ್ತೆಯವರಿಗೆ ಅಂದು ಬರೀ ಹಣ್ಣು. ಯಜಮಾನರು ಮಧ್ಯಾಹ್ನ ಹನ್ನೆರಡರವರೆಗೆ ಏನನ್ನೂ ಬಾಯಿಗೆ ಹಾಕುವುದಿಲ್ಲವೆಂದು ವ್ರತ ತೊಟ್ಟಿದ್ದಾರೆ. ವ್ಯಾಯಾಮಶಾಲೆಗೆ ಹೋಗುವ ಮಗನಿಗೆ ನಾಲ್ಕು ಮೊಟ್ಟೆಯ ಬಿಳಿಯ ಭಾಗ ಬೇಕು. ಕಾಲೇಜಿನ ಮಗಳು, “ಅಮ್ಮಾ, ಎಣ್ಣೆ ತುಪ್ಪ ಸೋಕಿಸಬೇಡ” ಎಂದು ಮೊದಲೇ ಎಚ್ಚರಿಸಿದ್ದಾಳೆ. ಎರಡು ದಿನದ ಹಿಂದೆಯೇ ಅಕ್ಕಿ ಉದ್ದು ನೆನೆಹಾಕಿ, ರುಬ್ಬಿ, ಹುದುಗು ಬರಿಸಿದ ಗೃಹಿಣಿ ಪಾತ್ರೆಯ ಮುಚ್ಚಳವನ್ನು ತೆಗೆದವಳು ಮತ್ತೆ ಮುಚ್ಚಿ, ಒಂದು ಲೋಟ ಕಾಫಿ ಬೆರೆಸಿಕೊಂಡು, ಐದು ಬಗೆಯ ಉಪಾಹಾರದ ಸಿದ್ಧತೆಗೆ ತೊಡಗುತ್ತಾಳೆ.

ಆ ಐವರಲ್ಲಿ ಸುಳ್ಳು ಹೇಳುತ್ತಿರುವವರು ಯಾರೂ ಇಲ್ಲ. ಒಬ್ಬೊಬ್ಬರಿಗೂ ತಮ್ಮ ತಮ್ಮ ಮೊಬೈಲಿನಲ್ಲಿ ಒಬ್ಬೊಬ್ಬ ಆಹಾರಪಂಡಿತನು ದೊರೆತಿದ್ದಾನೆ, ಅಷ್ಟೆ. ಒಬ್ಬನಿಗೆ ತುಪ್ಪ ಅಮೃತ, ಇನ್ನೊಬ್ಬನಿಗೆ ಅದೇ ವಿಷ. ಒಬ್ಬನು ಹಾಲನ್ನು ಬಿಡಿಸುತ್ತಾನೆ, ಇನ್ನೊಬ್ಬನು ಗೋಧಿಯನ್ನು. ಮೂರನೆಯವನು ಎರಡನ್ನೂ ಬಿಡಿಸಿ ತನ್ನ ಡಬ್ಬಿಯ ಪುಡಿಯನ್ನು ಕೊಳ್ಳಿಸುತ್ತಾನೆ. ಮನುಷ್ಯಜಾತಿಗೆ ಊಟದ ಬಗೆಗೆ ಇಷ್ಟೊಂದು ಉಪದೇಶ, ಇಷ್ಟೊಂದು ಅಗ್ಗವಾಗಿ, ಹಿಂದೆಂದೂ ದೊರೆತಿರಲಾರದು.

ಇದನ್ನು ನಕ್ಕು ಬಿಟ್ಟುಬಿಡುವಂತೆಯೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಮಂದಿ ಮಧುಮೇಹಿಗಳಿದ್ದಾರೆ. ಅದರ ಹೊಸ್ತಿಲಲ್ಲಿ ನಿಂತಿರುವವರು 13 ಕೋಟಿಗೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂದಿತು. ಊಟ ಹೆಚ್ಚಾದ ರೋಗವೂ ಊಟ ಸಾಲದ ರೋಗವೂ ಒಂದೇ ಸೂರಿನಡಿ ಇರುವ ಕಾಲವಿದು. ಮಾವನವರ ಸಕ್ಕರೆ ಪರೀಕ್ಷೆಯ ಚೀಟಿ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿರುತ್ತದೆ. ಸೊಸೆಯ ರಕ್ತವನ್ನು ಪರೀಕ್ಷಿಸಬೇಕೆಂದು ಯಾರಿಗೂ ಹೊಳೆದೇ ಇರುವುದಿಲ್ಲ.

ಜಗಳ ಹೊಸದಲ್ಲ

ಯಾವ ಧಾನ್ಯ ಮೇಲು ಎಂಬ ವಿವಾದ ಕನ್ನಡಿಗರಿಗೆ ಹೊಸದೇನೂ ಅಲ್ಲ. ಹದಿನಾರನೆಯ ಶತಮಾನದ ಕನಕದಾಸರು ಅದನ್ನೇ ವಸ್ತುವಾಗಿ ಇಟ್ಟುಕೊಂಡು ‘ರಾಮಧಾನ್ಯಚರಿತೆ’ಯನ್ನು ರಚಿಸಿದರು. ಭತ್ತಕ್ಕೂ ರಾಗಿಗೂ ಹುಟ್ಟಿದ ವ್ಯಾಜ್ಯ ಶ್ರೀರಾಮನ ಮುಂದೆ ಬರುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಕಡೆಗೆ ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಇಂದಿನ ಆಹಾರಪಂಡಿತರು ಆರು ತಿಂಗಳು ಕಾಯುವ ತಾಳ್ಮೆಯನ್ನಾದರೂ ಆ ಕಥೆಯಿಂದ ಕಲಿಯಬಹುದಾಗಿತ್ತು.

ಪಶ್ಚಿಮದಲ್ಲಿಯೂ ಅಷ್ಟೆ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತನು ಅತಿಯಾದ ಬೊಜ್ಜಿನಿಂದ ಬಳಲಿ, ವೈದ್ಯನೊಬ್ಬನ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆಗಳನ್ನು ತೊರೆದು ಮೈ ಇಳಿಸಿಕೊಂಡನು. 1863ರಲ್ಲಿ ಆತ ತನ್ನ ಅನುಭವವನ್ನು ಒಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದಾಗ ಅದಕ್ಕೆ ದೊರೆತ ಪ್ರಚಾರ ಎಷ್ಟೆಂದರೆ, ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೇ ಆತನ ಹೆಸರು ನಿಂತಿತು. ಇಂದು ಹೊಸದೆಂದು ಮಾರಾಟವಾಗುತ್ತಿರುವ ಹಲವು ಪಥ್ಯಗಳು ಆ ಹೊತ್ತಗೆಯ ಮೊಮ್ಮಕ್ಕಳೇ. ಮಗಳ ಗೆಳತಿಯರು ಮಾತಾಡಿಕೊಳ್ಳುವ ‘ಕೀಟೋ’ ಪಥ್ಯವೂ ಹುಟ್ಟಿದ್ದು ಸೊಂಟ ಸಣ್ಣದಾಗಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ವೈದ್ಯರೊಬ್ಬರು ಅದನ್ನು ಸೂಚಿಸಿದ್ದು ಮೂರ್ಛೆರೋಗದ ಉಪಶಮನಕ್ಕಾಗಿ.

ಮಾತು ಬದಲಾಗುವುದೇಕೆ?

“ವಿಜ್ಞಾನಿಗಳಿಗೇ ಒಂದು ಮಾತಿಲ್ಲ” ಎಂದು ದೂರುವವರು ಸಾಮಾನ್ಯವಾಗಿ ಮೊಟ್ಟೆಯ ಕಥೆಯನ್ನು ಎತ್ತುತ್ತಾರೆ. ದೂರು ಪೂರ್ತಿ ನಿರಾಧಾರವಲ್ಲ. 1968ರಲ್ಲಿ ಅಮೆರಿಕದ ಹೃದಯ ಸಂಘವು ವಾರಕ್ಕೆ ಮೂರಕ್ಕಿಂತ ಹೆಚ್ಚು ಮೊಟ್ಟೆ ಸಲ್ಲದೆಂದು ಸಾರಿತು. ಮೊಟ್ಟೆಯ ಹಳದಿಯಲ್ಲಿ ಕೊಲೆಸ್ಟರಾಲು ಇದೆ, ಕೊಲೆಸ್ಟರಾಲು ರಕ್ತನಾಳಗಳಲ್ಲಿ ಶೇಖರವಾಗುತ್ತದೆ, ಆದುದರಿಂದ ಮೊಟ್ಟೆ ಬೇಡ ಎಂಬುದು ಆಗಿನ ತರ್ಕ. ಕಾಲಕ್ರಮದಲ್ಲಿ ತಿಳಿದುಬಂದದ್ದೇನೆಂದರೆ, ದೇಹಕ್ಕೆ ಬೇಕಾದ ಕೊಲೆಸ್ಟರಾಲಿನ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ, ತಿಂದ ಕೊಲೆಸ್ಟರಾಲಿಗಿಂತ ತಿಂದ ಕೊಬ್ಬಿನ ಬಗೆಯೇ ರಕ್ತದ ಮೇಲೆ ಹೆಚ್ಚು ಪರಿಣಾಮ ಮಾಡುತ್ತದೆ. 2015–20ರ ಅವಧಿಗೆಂದು ಹೊರಟ ಅಮೆರಿಕದ ಸರ್ಕಾರಿ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಕೈಬಿಡಲಾಯಿತು. ಇದರ ಅರ್ಥ ದಿನಕ್ಕೆ ಹತ್ತು ಮೊಟ್ಟೆ ತಿನ್ನಿರೆಂದಲ್ಲ. ಮೊಟ್ಟೆಯ ಮೇಲಿದ್ದ ಆರೋಪ ಹಗುರವಾಯಿತು, ಅಷ್ಟೆ.

ವನಸ್ಪತಿಯ ಕಥೆ ಇದರ ಮಗುಚು. ಹಿಂದಿನ ತಲೆಮಾರಿನ ಗೃಹಿಣಿಯರು ತಾಳೆಮರದ ಚಿತ್ರವಿದ್ದ ಹಳದಿ ಡಾಲ್ಡಾ ಡಬ್ಬಿಯನ್ನು ಮರೆತಿರಲಾರರು. ಡಬ್ಬಿ ಬರಿದಾದ ಮೇಲೆ ಅದರಲ್ಲಿ ತುಳಸಿಗಿಡ ನೆಟ್ಟವರೂ ಉಂಟು. ತುಪ್ಪಕ್ಕೆ ಬದಲಾಗಿ, ಸಸ್ಯದ ಎಣ್ಣೆಯಿಂದಾದುದೆಂಬ ಕಾರಣಕ್ಕೆ ಶುದ್ಧವೂ ಆರೋಗ್ಯಕರವೂ ಎಂದು ಅದನ್ನು ನಂಬಲಾಗಿತ್ತು. ದ್ರವವಾದ ಎಣ್ಣೆಯನ್ನು ಜಲಜನಕದ ಸಹಾಯದಿಂದ ಹೆಪ್ಪುಗಟ್ಟಿಸುವಾಗ ಅದರಲ್ಲಿ ‘ಟ್ರಾನ್ಸ್ ಕೊಬ್ಬು’ ಎಂಬ ವಿಚಿತ್ರ ರೂಪ ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಇಂತಹ ಅಂಶ ನೂರಕ್ಕೆ ಎರಡನ್ನು ಮೀರಕೂಡದೆಂದು ಕಟ್ಟುಮಾಡಿತು. ಇಲ್ಲಿ ವಿಜ್ಞಾನ ಮಾತು ತಪ್ಪಿತೆನ್ನುವುದಕ್ಕಿಂತ, ತಡವಾಗಿಯಾದರೂ ತನ್ನ ತಪ್ಪನ್ನು ತಾನೇ ಹಿಡಿಯಿತೆನ್ನುವುದು ನ್ಯಾಯ.

ಹಣ ಮಾತಾಡಿದ ಪ್ರಸಂಗಗಳೂ ಇವೆ. 1967ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹೃದ್ರೋಗದ ವಿಷಯದಲ್ಲಿ ಸಕ್ಕರೆಯ ಪಾತ್ರವನ್ನು ಲಘುವಾಗಿ ಕಂಡು ಕೊಬ್ಬಿನ ಮೇಲೆ ಹೊಣೆ ಹೊರಿಸಿ ಪ್ರಬಂಧವನ್ನು ಪ್ರಕಟಿಸಿದರು. ಅದಕ್ಕೆ ಸಕ್ಕರೆ ಉದ್ಯಮದ ಸಂಸ್ಥೆಯೊಂದು ಹಣ ಕೊಟ್ಟಿತ್ತೆಂಬುದು ಹಳೆಯ ಕಾಗದಪತ್ರಗಳಿಂದ ಹೊರಬಿದ್ದದ್ದು 2016ರಲ್ಲಿ. ಹೀಗಿರಲಾಗಿ, ಉಪದೇಶ ಕೇಳುವವನು ಅದರ ಹಿಂದೆ ಮಾರಾಟಕ್ಕಿಟ್ಟ ಸರಕೇನಾದರೂ ಇದೆಯೇ ಎಂದು ಮೊದಲು ಇಣುಕಿ ನೋಡುವುದು ಕ್ಷೇಮ. ಸೊಪ್ಪಿನ ಸಾರನ್ನು ಹೊಗಳಿ ಕೋಟ್ಯಧೀಶನಾದವನು ಇದುವರೆಗೆ ಯಾರೂ ಇದ್ದಂತಿಲ್ಲ.

ಜಾವಾದ ಕೋಳಿಗಳು

ಆಹಾರಶಾಸ್ತ್ರದ ಅತ್ಯಂತ ದೊಡ್ಡ ಪಾಠಗಳಲ್ಲೊಂದನ್ನು ಕಲಿಸಿದವು ಕೋಳಿಗಳು. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಬೆರಿಬೆರಿ ಎಂಬ ವ್ಯಾಧಿ ಸೈನಿಕರನ್ನೂ ಸೆರೆಯಾಳುಗಳನ್ನೂ ಬಲಿ ತೆಗೆದುಕೊಳ್ಳುತ್ತಿತ್ತು. ಕಾಲುಗಳು ಸ್ವಾಧೀನ ತಪ್ಪಿ, ಹೃದಯ ದುರ್ಬಲವಾಗಿ ರೋಗಿ ಸಾಯುತ್ತಿದ್ದನು. ಕಾರಣವನ್ನು ಹುಡುಕಲು ಬಂದಿದ್ದ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ರೋಗಾಣುವಿನ ಬೆನ್ನು ಹತ್ತಿದ್ದನು. ಆತನ ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ಬಳಿಕ ಅಷ್ಟೇ ಇದ್ದಕ್ಕಿದ್ದಂತೆ ಚೇತರಿಸಿಕೊಂಡವು. ವಿಚಾರಿಸಿ ನೋಡಿದಾಗ ವಿಷಯ ತಿಳಿಯಿತು. ನಡುವಿನ ಆ ಕಾಲದಲ್ಲಿ ಕೋಳಿಗಳಿಗೆ ಸೈನಿಕ ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಬಿಳಿಯ ಅನ್ನ ಬೀಳುತ್ತಿತ್ತು. ಹೊಸದಾಗಿ ಬಂದ ಅಡಿಗೆಯವನು, ಸೈನಿಕರ ಅನ್ನ ಸಿವಿಲ್ ಕೋಳಿಗಳಿಗೆ ಸಲ್ಲದೆಂದು ನಿಲ್ಲಿಸಿಬಿಟ್ಟಿದ್ದನು! ಪಾಲಿಷ್ ಮಾಡದ ಅಗ್ಗದ ಅಕ್ಕಿ ಹೊಟ್ಟೆಗೆ ಬಿದ್ದೊಡನೆ ಕೋಳಿಗಳು ಎದ್ದು ನಿಂತಿದ್ದವು.

ಆ ಬಳಿಕ ಜಾವಾದ ಸುಮಾರು ನೂರು ಸೆರೆಮನೆಗಳಲ್ಲಿ ವಿಚಾರಣೆ ನಡೆದಾಗ, ಬಿಳಿಯ ಅಕ್ಕಿ ಉಣ್ಣುತ್ತಿದ್ದ ಕೈದಿಗಳಲ್ಲೇ ರೋಗ ಹೆಚ್ಚಾಗಿದ್ದುದು ಸ್ಪಷ್ಟವಾಯಿತು. ಅಕ್ಕಿಯನ್ನು ಮಲ್ಲಿಗೆಯಂತೆ ಬೆಳ್ಳಗೆ ಮಾಡುವಾಗ ಉದುರಿಹೋಗುವ ತೌಡಿನಲ್ಲಿಯೇ ಇಂದು ‘ಬಿ1’ ಎಂದು ಕರೆಯುವ ಜೀವಸತ್ವವಿತ್ತು. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅಡಿಗೆಯವನ ಹೆಸರು ಚರಿತ್ರೆಯಲ್ಲಿ ಪ್ರಸಿದ್ಧವಾಗಲಿಲ್ಲ.

ಇದೇ ಬೆರಿಬೆರಿಯ ವಿಚಾರಣೆಗಾಗಿ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಒಂದು ಸಣ್ಣ ಪ್ರಯೋಗಶಾಲೆಯನ್ನು ಆರಂಭಿಸಿದರು. ಅವರು ಇಲಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿ, ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಒಂದೊಂದು ಗುಂಪಿಗೆ ಹಾಕಿ ಸಾಕಿದರು. ಇಡೀ ಗೋಧಿಯ ರೊಟ್ಟಿ, ಬೇಳೆ, ಹಾಲು, ತರಕಾರಿಗಳುಳ್ಳ ವಾಯವ್ಯ ಪ್ರಾಂತದ ಊಟ ಉಂಡ ಇಲಿಗಳು ದಷ್ಟಪುಷ್ಟವಾಗಿ ಬೆಳೆದವು. ಪಾಲಿಷ್ ಅಕ್ಕಿಯೇ ಪ್ರಧಾನವಾದ ದಕ್ಷಿಣದ ಊಟ ಉಂಡವು ಸೊರಗಿದವು. ಆ ಪುಟ್ಟ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿ, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ಕರಾವಳಿಯ ಜನ ಈ ಪಾಠವನ್ನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ. ಭತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯಲ್ಲಿ, ತೌಡಿನ ಸತ್ವದ ಒಂದು ಭಾಗ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ. ಗಂಜಿಯನ್ನು ಚೆಲ್ಲದೆ ಉಣ್ಣುವ ಅವರ ಪದ್ಧತಿಯೂ ಜಾಣತನದ್ದೇ. ಘಟ್ಟದ ಮೇಲಿನ ನಗರಗಳಲ್ಲಿ ಅಕ್ಕಿಯನ್ನು ನಾಲ್ಕಾರು ಸಲ ಉಜ್ಜಿ ತೊಳೆದು ನೀರನ್ನು ಬಚ್ಚಲಿಗೆ ಸುರಿಯುವವರು ಕೊಂಚ ಯೋಚಿಸುವುದು ಒಳಿತು.

ಪಂಡಿತರು ಒಪ್ಪುವ ಜಾಗ

ಕೊಬ್ಬು ಬಿಡಬೇಕೋ ಅನ್ನ ಬಿಡಬೇಕೋ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಈ ಪ್ರಶ್ನೆಯನ್ನು 609 ಮಂದಿ ಸ್ಥೂಲಕಾಯರ ಮುಂದಿಟ್ಟರು. ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ. ಒಂದು ವರ್ಷದ ಕೊನೆಗೆ ಮೊದಲ ಗುಂಪಿನವರು ಸರಾಸರಿ 5.3 ಕಿಲೊ, ಎರಡನೆಯವರು 6 ಕಿಲೊ ಇಳಿದಿದ್ದರು. ಅಂತಹ ಹೇಳಿಕೊಳ್ಳುವ ವ್ಯತ್ಯಾಸವೇನೂ ಅಲ್ಲ. 2018ರಲ್ಲಿ ಈ ಫಲಿತಾಂಶ ಹೊರಬಿದ್ದಾಗ ಎರಡು ಪಕ್ಷದವರಿಗೂ ನಿರಾಶೆಯಾಗಿರಬೇಕು. ಗಮನಿಸತಕ್ಕ ಸಂಗತಿಯೊಂದಿದೆ: ಎರಡೂ ಗುಂಪುಗಳಿಗೆ ತರಕಾರಿಯನ್ನು ಧಾರಾಳವಾಗಿ ತಿನ್ನಲು, ಸಕ್ಕರೆ ಮೈದಾಗಳನ್ನು ಆದಷ್ಟು ದೂರವಿಡಲು, ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣಲು ಹೇಳಲಾಗಿತ್ತು. ಜಗಳವಾಡುವ ಎರಡು ಪಕ್ಷಗಳ ನಡುವೆ ಜಗಳವಿಲ್ಲದ ಭಾಗವೇ ಬಹುಶಃ ಕೆಲಸ ಮಾಡಿತು.

ಮರುವರ್ಷ, 2019ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಡೆದ ಸಣ್ಣ ಪ್ರಯೋಗವೊಂದು ಇನ್ನೂ ಸ್ವಾರಸ್ಯಕರ. ಇಪ್ಪತ್ತು ಮಂದಿಯನ್ನು ಅಲ್ಲಿಯೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ತಯಾರಿಕೆಗಳನ್ನೂ, ಎರಡು ವಾರ ಸಹಜ ಪದಾರ್ಥಗಳಿಂದ ಬೇಯಿಸಿದ ಊಟವನ್ನೂ ಬಡಿಸಲಾಯಿತು. ಎರಡರಲ್ಲೂ ಬಡಿಸಿದ ಸಕ್ಕರೆ, ಉಪ್ಪು, ಕೊಬ್ಬು, ನಾರುಗಳ ಲೆಕ್ಕ ಸಮ. ಬೇಕೆನಿಸಿದಷ್ಟು ತಿನ್ನುವ ಸ್ವಾತಂತ್ರ್ಯ ಅವರದು. ಪೊಟ್ಟಣದ ಆಹಾರವಿದ್ದ ದಿನಗಳಲ್ಲಿ ಅವರು ದಿನವೊಂದಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು, ಎರಡೇ ವಾರದಲ್ಲಿ ಒಂದು ಕಿಲೊ ಹತ್ತಿರ ತೂಕ ಏರಿಸಿಕೊಂಡರು. ಮೃದುವಾದದ್ದು ಬೇಗ ಗಂಟಲಿನಲ್ಲಿ ಇಳಿಯುತ್ತದೆ. ಹೊಟ್ಟೆ ಸಾಕೆನ್ನುವುದರೊಳಗೆ ತಟ್ಟೆ ಖಾಲಿಯಾಗಿರುತ್ತದೆ.

ಎಲೆಯ ಮೇಲಿನ ಲೆಕ್ಕ

2024ರ ಮೇ ತಿಂಗಳಲ್ಲಿ ಹೈದರಾಬಾದಿನ ಸಂಸ್ಥೆ ಭಾರತೀಯರಿಗಾಗಿ ಹದಿನೇಳು ಆಹಾರಸೂತ್ರಗಳನ್ನು ಪ್ರಕಟಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲವೂ ಸೇರಿ 250 ಗ್ರಾಂ. ಬೇಳೆಕಾಳು 85 ಗ್ರಾಂ, ಮಾಂಸಾಹಾರಿಗಳಾದರೆ ಇದರಲ್ಲಿಯೇ ಮೀನು ಮೊಟ್ಟೆಗಳಿಗೂ ಪಾಲು. ಸೊಪ್ಪು ತರಕಾರಿ 400 ಗ್ರಾಂ. ಹಣ್ಣು 100 ಗ್ರಾಂ. ಹಾಲು ಮೊಸರು 300 ಮಿಲಿಲೀಟರು. ಶೇಂಗಾ, ಎಳ್ಳು ಮುಂತಾದ ಬೀಜಗಳು 35 ಗ್ರಾಂ. ಎಣ್ಣೆ ತುಪ್ಪ 27 ಗ್ರಾಂ. ಎಲ್ಲವೂ ಬೇಯಿಸುವ ಮುಂಚಿನ ತೂಕ.

ತಕ್ಕಡಿ ಹಿಡಿದು ಕೂರುವ ಅಗತ್ಯವಿಲ್ಲ. ಲೆಕ್ಕದ ಒಳಮರ್ಮ ಇಷ್ಟೇ: ಧಾನ್ಯ ಹೆಚ್ಚುಕಡಿಮೆ ಒಂದು ಪಾವು; ತರಕಾರಿ ಅದಕ್ಕಿಂತ ಹೆಚ್ಚು. ನಗರದ ಮಧ್ಯಮವರ್ಗದ ಎಲೆಯಲ್ಲಿ ಈ ಪ್ರಮಾಣ ತಲೆಕೆಳಗಾಗಿದೆ. ಎಲೆಯ ನಡುವೆ ಅನ್ನದ ಗುಡ್ಡ, ಅಂಚಿನಲ್ಲಿ ಪಲ್ಯದ ಒಂದು ಗುಬ್ಬಚ್ಚಿ ಗೂಡು. ಸಾರಿಗೊಮ್ಮೆ ಅನ್ನ, ಹುಳಿಗೊಮ್ಮೆ ಅನ್ನ, ಮೊಸರಿಗೊಮ್ಮೆ ಅನ್ನ. ಪಲ್ಯ ಮಾತ್ರ ಒಂದೇ ಸಲ. ಅನ್ನವನ್ನು ಮನೆಯಿಂದ ಹೊರಗಟ್ಟುವುದು ಬೇಕಿಲ್ಲ. ಬಡಿಸುವ ಸೌಟುಗಳನ್ನು ಅದಲುಬದಲು ಮಾಡಿದರೆ ಅರ್ಧ ಕೆಲಸ ಆದಂತೆ: ಪಲ್ಯಕ್ಕೆ ದೊಡ್ಡದು, ಅನ್ನಕ್ಕೆ ಸಣ್ಣದು. ಮೊದಲು ಕೋಸಂಬರಿಯನ್ನೂ ಪಲ್ಯವನ್ನೂ ತಿಂದು ಬಳಿಕ ಅನ್ನಕ್ಕೆ ಕೈ ಹಾಕುವುದು ಹಳೆಯ ಬಾಳೆಯೆಲೆಯ ಊಟದಲ್ಲಿ ಸಹಜವಾಗಿಯೇ ನಡೆಯುತ್ತಿತ್ತು.

ಇಡ್ಲಿಯ ಮೇಲಿನ ದೂರಿಗೂ ಇದೇ ಉತ್ತರ. ಧಾನ್ಯದ ಸಸಾರಜನಕದಲ್ಲಿ ಕೊರತೆಯಾದ ಅಂಶ ಬೇಳೆಯಲ್ಲಿದೆ. ಬೇಳೆಯಲ್ಲಿ ಕೊರತೆಯಾದದ್ದು ಧಾನ್ಯದಲ್ಲಿದೆ. ಅಕ್ಕಿ ಉದ್ದುಗಳನ್ನು ಕೂಡಿಸಿದ ಅಜ್ಜಿಗೆ ಈ ಶಾಸ್ತ್ರ ತಿಳಿದಿರಲಿಲ್ಲ, ನಾಲಗೆಗೆ ತಿಳಿದಿತ್ತು. ಎರಡು ಇಡ್ಲಿ, ತುಂಬ ತರಕಾರಿ ಬಿದ್ದ ಸಾಂಬಾರು, ಕಡಲೆಯ ಚಟ್ನಿ ಇದ್ದರೆ ಮಾವನವರೂ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಆರನೆಯ ಇಡ್ಲಿಗೆ.

ರಾಗಿಯ ಮಹಿಮೆ, ರಾಗಿಯ ಮಿತಿ

ಒಂದು ಕಾಲಕ್ಕೆ ಹಳ್ಳಿಗರ ಊಟವೆಂದು ಪಟ್ಟಣದವರು ಮೂಗು ಮುರಿಯುತ್ತಿದ್ದ ರಾಗಿ ಈಗ ಬೆಳ್ಳಿತಟ್ಟೆ ಏರಿದೆ. ಅದರ ಯೋಗ್ಯತೆಯಲ್ಲಿ ಸಂದೇಹವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 350 ಮಿಲಿಗ್ರಾಮಿನಷ್ಟಿದೆ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಗುವುದೂ ಕಷ್ಟ. ನಾರೂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಮಂಡ್ಯದ ವಿ. ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದ ರಾಗಿ ಲಕ್ಷ್ಮಣಯ್ಯನವರಿಗೆ ಈ ನಾಡಿನ ಬಡವರ ಹೊಟ್ಟೆ ಋಣಿಯಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು.

ಆದರೂ ರಾಗಿ ಔಷಧವಲ್ಲ, ಧಾನ್ಯ. ಪಿಷ್ಟದಲ್ಲಿ ಅದು ಅಕ್ಕಿಗೆ ತುಸುವಷ್ಟೇ ಹಿಂದು. ಅದೇ ಮಂಡಳಿಯ ಸಮೀಕ್ಷೆಯನ್ನು ಆಧರಿಸಿ 2025ರಲ್ಲಿ ಹೊರಬಂದ ಅಧ್ಯಯನವೊಂದು, ಭಾರತೀಯರು ತಮ್ಮ ಕ್ಯಾಲೊರಿಯ ನೂರಕ್ಕೆ ಸುಮಾರು 62 ಪಾಲನ್ನು ಪಿಷ್ಟ ಸಕ್ಕರೆಗಳಿಂದಲೇ ಪಡೆಯುತ್ತಾರೆಂದು ತೋರಿಸಿತು. ಅಕ್ಕಿಯ ಜಾಗಕ್ಕೆ ಗೋಧಿಯ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದುಕೊಂಡ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗಿದುದು ಅದರಲ್ಲಿ ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನು ಇಳಿಸಿ ಬೇಳೆಕಾಳು, ಹಾಲು ಮೊಸರುಗಳಿಗೆ ಜಾಗ ಮಾಡಿಕೊಟ್ಟಾಗಲೇ ಗುಣ. ಹೊಲದಲ್ಲಿ ದುಡಿಯುವ ರೈತನು ಎರಡು ಮುದ್ದೆ ನುಂಗಿ ಅರಗಿಸಿಕೊಳ್ಳುತ್ತಾನೆ. ಕುರ್ಚಿಗೆ ಅಂಟಿಕೊಂಡವನಿಗೆ ಕಿತ್ತಳೆಗಾತ್ರದ ಒಂದು ಮುದ್ದೆ, ಅದರ ಸುತ್ತ ಬಟ್ಟಲು ತುಂಬ ಬಸ್ಸಾರು, ಪಕ್ಕದಲ್ಲಿ ಬಸಿದ ಸೊಪ್ಪು ಕಾಳಿನ ಪಲ್ಯ ಸಾಕು. ಬಸ್ಸಾರಿನ ಜಾಣ್ಮೆಯನ್ನು ಯಾವ ಪ್ರಯೋಗಶಾಲೆಯೂ ಮೀರಿಸಿಲ್ಲ: ಬೇಯಿಸಿದ ನೀರನ್ನು ಚೆಲ್ಲದೆ ಸಾರು ಮಾಡಿ, ಬೆಂದದ್ದನ್ನು ಒಗ್ಗರಣೆ ಹಾಕಿ ಪಲ್ಯ ಮಾಡಿ, ಒಂದೇ ಒಲೆಯಲ್ಲಿ ಎರಡು ಪದಾರ್ಥ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೌತೆಕಾಯಿ, ಗುರೆಳ್ಳು ಚಟ್ನಿಪುಡಿ, ಮೊಸರು ಇವುಗಳಲ್ಲಿಯೂ ಹೈದರಾಬಾದಿನ ಪಟ್ಟಿಯ ಬಹುಪಾಲು ತಾನಾಗಿಯೇ ಬಂದು ಕುಳಿತಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ‘ರಾಗಿ’ ಎಂದು ದೊಡ್ಡದಾಗಿ ಬರೆದಿದ್ದರೆ ಮಾತ್ರ ಹಿಂದೆ ತಿರುಗಿಸಿ ಓದಬೇಕು. ಪದಾರ್ಥಗಳನ್ನು ಅಲ್ಲಿ ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಿರುತ್ತಾರೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ ಕಂಡರೆ ರಾಗಿ ನೆಂಟನಾಗಿ ಬಂದಿದೆಯೇ ಹೊರತು ಯಜಮಾನನಾಗಿ ಅಲ್ಲ.

ಸಕ್ಕರೆ ಉಪ್ಪುಗಳ ಲೆಕ್ಕ ಹೆಚ್ಚು ಹೊತ್ತು ಹಿಡಿಯದು. ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ 20ರಿಂದ 25 ಗ್ರಾಂ, ಉಪ್ಪು 5 ಗ್ರಾಂ ಮೀರಬಾರದು. ಚಹಾ ಚಮಚೆಯೊಂದರಲ್ಲಿ ಸುಮಾರು 5 ಗ್ರಾಂ ಸಕ್ಕರೆ ಹಿಡಿಯುತ್ತದೆ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚೆ ಎಂದರೆ ಸಿಹಿತಿಂಡಿಯ ಮುಖ ನೋಡುವ ಮೊದಲೇ 30 ಗ್ರಾಂ ಆಯಿತು! ಬೆಲ್ಲವೆಂದ ಮಾತ್ರಕ್ಕೆ ರಿಯಾಯಿತಿಯಿಲ್ಲ. ಉಪ್ಪಿನ ಪಾಲು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿ ಕುಳಿತಿರುತ್ತದೆ.

ಒಪ್ಪತ್ತು

ಯಜಮಾನರ ಹನ್ನೆರಡು ಗಂಟೆಯ ವ್ರತಕ್ಕೂ ಪೂರ್ವಜರುಂಟು. ಏಕಾದಶಿ, ಸೋಮವಾರದ ಒಪ್ಪತ್ತುಗಳು ಮನೆಮನೆಯಲ್ಲಿದ್ದವು. 1965ರಲ್ಲಿ ಧಾನ್ಯದ ಕೊರತೆ ಒದಗಿದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಕರೆಯಿತ್ತು, ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಹಾಕಿದ್ದವು. ಆರೋಗ್ಯವಂತನು ಒಂದು ಹೊತ್ತು ಬಿಟ್ಟರೆ ಕೆಡುಕೇನಿಲ್ಲ. ರಾತ್ರಿಯೂಟವನ್ನು ಬೇಗ ಮುಗಿಸುವುದು ಒಳ್ಳೆಯದೇ.

ಅಪಾಯವಿರುವುದು ಅದೇ ಮಾತನ್ನು ಮಾವನವರೂ ಕೇಳಿಸಿಕೊಂಡಾಗ. ಮಧುಮೇಹಕ್ಕೆ ಕೊಡುವ ಕೆಲವು ಮಾತ್ರೆಗಳು, ಊಟ ಬಿದ್ದಿದೆಯೋ ಇಲ್ಲವೋ ನೋಡದೆ, ದೇಹದಲ್ಲಿ ಇನ್ಸುಲಿನ್ನನ್ನು ಹೊರಡಿಸುತ್ತವೆ. ಎಂದಿನಂತೆ ಮಾತ್ರೆ ನುಂಗಿ, ಅಕ್ಕಿ ಬೇಡವೆಂದು ಇಡ್ಲಿಯನ್ನು ತಳ್ಳಿ, ಸೌತೆಕಾಯಿಯ ನಾಲ್ಕು ಹೋಳು ತಿಂದು ಮುದುಕರು ಉದ್ಯಾನಕ್ಕೆ ನಡೆದರೆ, ಎರಡನೆಯ ಸುತ್ತಿನಲ್ಲೇ ಬೆವರು ಕಿತ್ತು, ಕೈ ನಡುಗಿ, ಮಾತು ತೊದಲಬಹುದು. ರಕ್ತದ ಸಕ್ಕರೆ ಏರಿದಾಗಿನ ಕೆಡುಕು ವರ್ಷಗಳ ಮೇಲೆ ಕಾಣುತ್ತದೆ, ಇಳಿದಾಗಿನದು ನಿಮಿಷಗಳಲ್ಲಿ. ಎಚ್ಚರವಿದ್ದಾಗಲೇ ಮೂರು ಚಮಚೆ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆ ಇನ್ಸುಲಿನ್ನುಗಳ ಮೇಲಿರುವವರು, ಗರ್ಭಿಣಿಯರು, ಮೂತ್ರಪಿಂಡದ ರೋಗಿಗಳು ತಮ್ಮ ವೈದ್ಯರನ್ನು ಕೇಳದೆ ಪಥ್ಯ ಬದಲಾಯಿಸುವಂತಿಲ್ಲ. ಮಗನು ತರಿಸಿಟ್ಟ ಪ್ರೋಟೀನು ಪುಡಿಯನ್ನು ತಾತನ ಹಾಲಿಗೆ ಪ್ರೀತಿಯಿಂದ ಬೆರೆಸುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಅಂತಹ ಪುಡಿಗಳು ಬೇಡವೆಂದೇ ಹೈದರಾಬಾದಿನ ಸಂಸ್ಥೆ ಹೇಳಿದೆ.

ಕಲ್ಪಿಸಿಕೊಂಡ ಮನೆಯಲ್ಲಿ ಅಂತಹದೇ ಒಂದು ಬೆಳಗು ಬಂತೆನ್ನೋಣ. ಉದ್ಯಾನದ ಬೆಂಚಿನ ಮೇಲೆ ಕುಸಿದ ಮಾವನವರಿಗೆ ಯಾರೋ ಪುಣ್ಯಾತ್ಮರು ಕಬ್ಬಿನ ಹಾಲು ಕುಡಿಸಿ ಮನೆ ಸೇರಿಸಿದ್ದಾರೆ. ಮಧ್ಯಾಹ್ನ ಸೊಸೆ ಅವರನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋಗುತ್ತಾಳೆ. ವಯಸ್ಸಾದ ಆ ವೈದ್ಯರು ಮಾತ್ರೆಯ ಚೀಟಿಯನ್ನು ತಿದ್ದಿ, “ಹೊತ್ತಿಗೆ ಸರಿಯಾಗಿ ಊಟ ಮಾಡಿ ರಾಯರೇ, ಸ್ವಲ್ಪ ಕಡಿಮೆ ಮಾಡಿ, ಅಷ್ಟೆ” ಎಂದು ಹೇಳಿ, ಆಮೇಲೆ ಸೊಸೆಯ ಕಡೆ ನೋಡುತ್ತಾರೆ.

“ನೀವು ಬೆಳಿಗ್ಗೆ ಏನು ತಿಂದಿರಮ್ಮಾ?”

ಆಕೆಗೆ ಥಟ್ಟನೆ ನೆನಪಾಗುವುದಿಲ್ಲ. ಕಾಫಿ ಎರಡು ಸಲ ಕುಡಿದದ್ದುಂಟು. ವೈದ್ಯರು ಆಕೆಯ ಕೆಳರೆಪ್ಪೆಯನ್ನು ಎಳೆದು ನೋಡಿ, ರಕ್ತಪರೀಕ್ಷೆಗೆ ಇನ್ನೊಂದು ಚೀಟಿ ಬರೆಯುತ್ತಾರೆ. ಸೊಪ್ಪು, ಕಾಳು, ಜೊತೆಗೆ ನಿಂಬೆಹಣ್ಣು. ಊಟದ ಹಿಂದೆಮುಂದೆ ಒಂದು ಗಂಟೆ ಕಾಫಿ ಬೇಡ, ಅದು ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ ಎನ್ನುತ್ತಾರೆ.

ಅಂದು ರಾತ್ರಿ ಮನೆಯಲ್ಲಿ ಒಂದೇ ಅಡಿಗೆ: ದಂಟಿನ ಸೊಪ್ಪು ಅವರೆಕಾಳಿನ ಬಸ್ಸಾರು, ಅದರದೇ ಪಲ್ಯ, ಪುಟ್ಟ ಪುಟ್ಟ ಮುದ್ದೆ, ಬೇಕಾದವರಿಗೆ ಒಂದು ಸೌಟು ಅನ್ನ, ಮೊಸರು. ಮಗನು ಬೇಕಿದ್ದರೆ ಒಂದು ಮೊಟ್ಟೆ ಬೇಯಿಸಿಕೊಳ್ಳಬಹುದು, ಪಾತ್ರೆಯನ್ನು ತಾನೇ ತೊಳೆಯಬೇಕು. ಮಗಳು ಪಲ್ಯದ ಒಗ್ಗರಣೆಯನ್ನು ಅನುಮಾನದಿಂದ ನೋಡಿ, ಆಮೇಲೆ ಎರಡನೆಯ ಸಲ ಬಡಿಸಿಕೊಳ್ಳುತ್ತಾಳೆ.

“ನೀನೂ ಕೂತ್ಕೋ” ಎಂದು ಅತ್ತೆ ಸೊಸೆಯ ಕೈಯಿಂದ ಸೌಟನ್ನು ತೆಗೆದುಕೊಂಡು, ಆಕೆಯ ತಟ್ಟೆಗೆ ಮೊದಲು ಸೊಪ್ಪಿನ ಪಲ್ಯವನ್ನು ಬಡಿಸುತ್ತಾರೆ.